ಗಾಡಿ ಎತ್ತಬೇಡಿ, ಹಂಪ್ ಇಳಿಸಿ

ಊರಲ್ಲಿ ಒಂದು ಬೊಲೆರೊ ಇದ್ದರೆ ಅದು ಒಬ್ಬರ ಹೆಸರಲ್ಲಿರುವುದು ಆರ್‌ಸಿ ಕಾರ್ಡಿನಲ್ಲಿ ಮಾತ್ರ. ಹತ್ತುವವರು ಊರಿನವರೆಲ್ಲ. 108 ಬರುವುದು ತಡವಾದರೆ ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸುವುದು ಅದೇ ಗಾಡಿ. ಮದುವೆ ದಿಬ್ಬಣಕ್ಕೆ, ತಿಥಿಗೆ, ಸಂತೆಗೆ, ಮಲೆ ಮಹದೇಶ್ವರ ಬೆಟ್ಟಕ್ಕೆ, ಪರೀಕ್ಷೆ ದಿನ ಬಸ್ಸು ತಪ್ಪಿದ ಮಕ್ಕಳಿಗೆ, ಎಲ್ಲದಕ್ಕೂ ಅದೇ. ಹಾಗಾಗಿ ಆ ಗಾಡಿಗೆ ಎಂಥ ಚಕ್ರ ಹಾಕಿದ್ದಾರೆ, ಹಿಂದಿನ ಪ್ಲೇಟು ಎಷ್ಟು ಎತ್ತಿದ್ದಾರೆ ಎಂದು ಕೇಳುವ ಹಕ್ಕು ಊರಿಗೆಲ್ಲ ಇದೆ ಎಂದು ನಾವು ನಂಬುತ್ತೇವೆ. ಈ ಬರಹ ಆ ಹಕ್ಕಿನಿಂದಲೇ ಬರೆದದ್ದು.

ಹಿಂದೆ ಉದ್ದಕ್ಕೆ ಜಾಗ ಇರುವ, ಜನವನ್ನೂ ಸಾಮಾನನ್ನೂ ಒಟ್ಟಿಗೆ ಹೊರುವ ಗಾಡಿಯನ್ನು ಸ್ಟೇಷನ್ ವ್ಯಾಗನ್ ಅನ್ನುತ್ತಾರೆ. ಆ ಹೆಸರಿನಲ್ಲಿ 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಇಂಡಿಗೊ ಮರೀನಾ ಬಂತು. ಎರಡೂ ಹೋದವು. ಹಳ್ಳಿಯಲ್ಲಿ ಅದೇ ಕೆಲಸಕ್ಕೆ ನಿಂತದ್ದು 1994ರ ಟಾಟಾ ಸುಮೊ, ಬಿಡದಿಯ ಕಾರ್ಖಾನೆಯಿಂದ 2000ರಲ್ಲಿ ಹೊರಬಂದ ಕ್ವಾಲಿಸ್, ಅದೇ ವರ್ಷ ಬಂದ ಬೊಲೆರೊ. ಇವತ್ತಿಗೂ ಊರಿನ ಅರಳಿಕಟ್ಟೆ ಪಕ್ಕ ನಿಂತಿರುವುದು ಇವುಗಳಲ್ಲೇ ಯಾವುದೋ ಒಂದು.

ಈಗ ಈ ಗಾಡಿಗಳು ಒಂದೊಂದಾಗಿ ಎತ್ತರ ಆಗುತ್ತಿವೆ. ಮೊದಲು ಅಗಲದ ಟೈರು, ಆಮೇಲೆ ಹೊರಗೆ ಚಾಚಿದ ಅಲಾಯ್ ಚಕ್ರ, ಆಮೇಲೆ ಹಿಂದೆ ಎರಡು ಹೆಚ್ಚುವರಿ ಪ್ಲೇಟು, ಮುಂದೆ ಸ್ಪ್ರಿಂಗ್ ಸುರುಳಿಯ ನಡುವೆ ರಬ್ಬರ್ ಬಫರ್. ಒಂದು ದಿನದ ಕೆಲಸ. ಅದಕ್ಕೊಂದು ರೀಲ್ಸ್, ಹಿಂದೆ ಒಂದು ಡೈಲಾಗು. ಮಾಡಿಸಿದವರನ್ನು ಕೇಳಿ ನೋಡಿ, ಲುಕ್ಕಿಗೆ ಅಂತ ಹೇಳುವವರು ಕಡಿಮೆ. "ಏನ್ ಮಾಡೋದಣ್ಣಾ, ನಮ್ಮೂರ್ ಹಂಪ್ ನೋಡಿದೀರಲ್ಲ, ತಳ ತಾಗುತ್ತೆ" ಅನ್ನುವವರೇ ಹೆಚ್ಚು.

ನಮ್ಮ ಜಗಳ ಇರುವುದು ಈ ಉತ್ತರದ ಜೊತೆಗೆ. ಹಂಪ್ ತಾಗುವುದು ನಿಜ. ಆದರೆ ಅದಕ್ಕೆ ಔಷಧಿ ಗಾಡಿಗೆ ಕೊಟ್ಟರೆ ರೋಗ ಹೋಗುವುದಿಲ್ಲ. ರೋಗ ಇರುವುದು ರಸ್ತೆಯಲ್ಲಿ.

ಮೊದಲು ಟೈರಿನ ಲೆಕ್ಕ

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಯನ್ನು ಓದುವುದು ಕಷ್ಟವೇನಲ್ಲ. ಬೊಲೆರೊಗೆ ಕಂಪನಿ ಕೊಡುವುದು 215/75 ಆರ್ 15. ಇದರಲ್ಲಿ 215 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 75 ಅಂದರೆ ಟೈರಿನ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು. 15 ಅಂದರೆ ರಿಮ್ಮು ಎಷ್ಟು ಇಂಚು ಅಂತ. ಕೂಡಿಸಿದರೆ ಚಕ್ರದ ಒಟ್ಟು ಎತ್ತರ 703 ಮಿಲಿಮೀಟರ್ ಚಿಲ್ಲರೆ.

ಅಂಗಡಿಯವರು ಮೊದಲು ತೋರಿಸುವುದು 235/75 ಆರ್ 15. ಅದರ ಎತ್ತರ 733 ಚಿಲ್ಲರೆ. ಅಂದರೆ 30 ಮಿಲಿಮೀಟರ್ ದೊಡ್ಡದು. ಆದರೆ ಗಾಡಿ ಏಳುವುದು ಅದರ ಅರ್ಧ, ಏಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ. ಹದಿನೈದು ಮಿಲಿಮೀಟರ್! ಒಂದೂವರೆ ಸೆಂಟಿಮೀಟರ್ ಎತ್ತರಕ್ಕೆ ನಾಲ್ಕು ಟೈರಿನ ದುಡ್ಡು. ನಿಮ್ಮೂರ ಹಂಪ್ ಮೇಲಿನ ಒಂದು ಹೆಂಟೆ ಮಣ್ಣು ಇದಕ್ಕಿಂತ ದಪ್ಪ ಇರುತ್ತದೆ.

ಒಂದೂವರೆ ಸೆಂಟಿಮೀಟರ್ ಸಾಕಾಗುವುದಿಲ್ಲ ಅಂತ ಕೆಲವರು 31 ಇಂಚಿನ ಟೈರಿಗೆ ಹೋಗುತ್ತಾರೆ. ಅದು 787 ಮಿಲಿಮೀಟರ್. ಮೂಲ ಚಕ್ರಕ್ಕಿಂತ ನೂರಕ್ಕೆ 12ರಷ್ಟು ದೊಡ್ಡದು. ಮೀಟರ್ ಮೊದಲು ಸರಿಯಾಗಿತ್ತು ಅಂತ ಇಟ್ಟುಕೊಳ್ಳಿ, ಈಗ ಅದು 80 ತೋರಿಸುವಾಗ ಗಾಡಿ ಸುಮಾರು 89ರಲ್ಲಿ ಓಡುತ್ತಿರುತ್ತದೆ. ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ.

ಬ್ರೇಕಿನದ್ದೂ ಇದೇ ಕಥೆ. ಬ್ರೇಕು ಹಿಡಿಯುವುದು ಚಕ್ರದ ನಡುವೆ, ಗಾಡಿ ನಿಲ್ಲುವುದು ಚಕ್ರದ ಅಂಚು ನೆಲಕ್ಕೆ ತಾಗುವಲ್ಲಿ. ನಡುವಿನಿಂದ ಅಂಚಿಗೆ ದೂರ ಹೆಚ್ಚಿದಷ್ಟೂ ಅದೇ ಬ್ರೇಕಿನ ಬಲ ನೆಲಕ್ಕೆ ಕಡಿಮೆ ಮುಟ್ಟುತ್ತದೆ. ಈ ದೊಡ್ಡ ಟೈರಿನಲ್ಲಿ ಅದೇ ಕಾಲಿನಲ್ಲಿ ಅಷ್ಟೇ ಒತ್ತಿದರೆ ಸಿಗುವ ಹಿಡಿತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ವೇಗ ಹೆಚ್ಚು, ಹಿಡಿತ ಕಡಿಮೆ, ಎರಡೂ ಒಂದೇ ದಿನ ಒಂದೇ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದು.

ಹೊರಗೆ ಚಾಚಿದ ಚಕ್ರ

ತುಂಬಿದ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡರೆ ಒಂದು ಭಾರ. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಭುಜ ಹರಿಯುತ್ತದೆ. ನೀರು ಅಷ್ಟೇ, ಕೊಡ ಅದೇ.

ಚಕ್ರದಲ್ಲೂ ಹಾಗೆ. ಚಕ್ರ ಹಬ್ಬಿನಿಂದ ಎಷ್ಟು ಒಳಗೆ, ಎಷ್ಟು ಹೊರಗೆ ಕೂರಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಅದನ್ನು ಆಫ್‌ಸೆಟ್ ಅನ್ನುತ್ತಾರೆ. ಬೋಲ್ಟ್ ತೂತು ಹೊಂದಿತು ಅಂದರೆ ಚಕ್ರ ಹೊಂದಿತು ಅಂತ ಅರ್ಥ ಅಲ್ಲ. ಆಫ್‌ಸೆಟ್ ಬೇರೆ ಇರುವ ಅಲಾಯ್ ಹಾಕಿದರೆ, ಅಥವಾ ನಡುವೆ ಸ್ಪೇಸರ್ ಕೊಟ್ಟು ಚಕ್ರವನ್ನು ಹೊರಗೆ ತಳ್ಳಿದರೆ, ಬೇರಿಂಗ್ ಮೇಲೆ, ಬಾಲ್ ಜಾಯಿಂಟ್ ಮೇಲೆ, ಸ್ಟೇರಿಂಗ್ ರಾಡಿನ ಮೇಲೆ ಬೀಳುವ ಭಾರ ಕೈ ಚಾಚಿದ ಕೊಡದ ಭಾರ. ಬೇರಿಂಗ್ ಕೂಗುವುದು ಆಮೇಲೆ. ಅದು ಕೂಗುವ ಹೊತ್ತಿಗೆ ಅಂಗಡಿಯವರು "ಅದು ರಸ್ತೆಯಿಂದ ಆದದ್ದು" ಅಂತ ಹೇಳಿರುತ್ತಾರೆ.

ಇನ್ನೊಂದು ಗಮನಿಸಿ. ಚಕ್ರದ ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ಆ ತೂತು ದೊಡ್ಡದಾಗಿದ್ದರೆ ಚಕ್ರ ನಡುವಿಗೆ ಸರಿಯಾಗಿ ನಿಲ್ಲುವುದಿಲ್ಲ, ಸ್ಟೇರಿಂಗ್ ನಡುಗುತ್ತದೆ, ಬೋಲ್ಟುಗಳ ಮೇಲೆ ಸುಮ್ಮನೆ ಒತ್ತಡ. ಕಬ್ಬಿಣದ ರಿಮ್ಮಿನ ನಟ್ಟು ಅಲಾಯ್‌ಗೆ ಸರಿ ಹೊಂದದೆ ಇರಬಹುದು. ನಟ್ಟಿನ ಮೂತಿ ಯಾವ ಆಕಾರ, ಚಕ್ರದಲ್ಲಿ ಅದು ಕೂರುವ ಜಾಗ ಯಾವ ಆಕಾರ ಅಂತ ನೋಡದೆ ಗನ್ನಿನಲ್ಲಿ ಟರ್ ಅಂತ ತಿರುಗಿಸಿ ಕಳಿಸಿದರೆ ಅದು ಸಡಿಲವಾಗುವುದು ಊರಿನ ರಸ್ತೆಯಲ್ಲಿ, ಅಂಗಡಿ ಮುಂದೆ ಅಲ್ಲ.

ಇನ್ನು ದೊಡ್ಡ ರಿಮ್ಮಿನ ಆಸೆ. 15 ಇಂಚಿನ ಬದಲು 17 ಇಂಚಿನ ರಿಮ್ಮು ಹಾಕಿ, ಒಟ್ಟು ಎತ್ತರ ಹೆಚ್ಚು ಬದಲಾಗದ ಹಾಗೆ 235/60 ಟೈರು ಹಾಕಿದಿರಿ ಅನ್ನಿ. ಮೊದಲು ರಿಮ್ಮಿನ ಕೆಳಗೆ 161 ಮಿಲಿಮೀಟರ್ ರಬ್ಬರ್ ಇತ್ತು. ಈಗ 141. ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಪಾಡುವುದು ಆ ರಬ್ಬರಿನ ಪಕ್ಕೆಯೇ. ಗುಂಡಿ ರಸ್ತೆಯವರು ರಬ್ಬರ್ ಕಡಿಮೆ ಮಾಡಿಕೊಂಡು ಲೋಹ ಹೆಚ್ಚು ಮಾಡಿಕೊಳ್ಳುವುದು ಯಾವ ಜಾಣತನ? ಕಬ್ಬಿಣದ ರಿಮ್ಮು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಅಲಾಯ್ ಸೀಳುತ್ತದೆ. ಸೀಳು ಒಳಗಡೆ ಇದ್ದರೆ ಕಾಣುವುದೇ ಇಲ್ಲ. ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಹೊಡೆಸಿ ಮತ್ತೆ ಹಾಕಿಕೊಂಡು ಓಡಾಡುವವರಿದ್ದಾರೆ. ದಯವಿಟ್ಟು ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಟೈರಿನ ಮೇಲೆ ಅಳತೆಯ ಪಕ್ಕ ಇನ್ನೊಂದು ಅಂಕಿ ಇರುತ್ತದೆ, ಅದು ಭಾರ ಹೊರುವ ಅಂಕಿ. 100 ಅಂತ ಇದ್ದರೆ ಆ ಟೈರು 800 ಕೆಜಿ ಹೊರಬಲ್ಲದು. 95 ಇದ್ದರೆ 690 ಕೆಜಿ. ಐದು ಅಂಕಿ ಕಡಿಮೆಯಾದರೆ ಒಂದು ಟೈರಿಗೆ 110, ನಾಲ್ಕಕ್ಕೆ 440 ಕೆಜಿ ಕಡಿಮೆ. ಕಾರಿಗೆ ಮಾಡಿದ ಅಗಲದ ಟೈರು ನೋಡಲು ದಪ್ಪ, ಹೊರುವುದರಲ್ಲಿ ತೆಳು ಇರಬಹುದು. ಅಂಗಡಿಯಲ್ಲಿ ಅಗಲ ನೋಡುವವರು ಈ ಅಂಕಿಯನ್ನೂ ಒಮ್ಮೆ ನೋಡಿ.

ಪ್ಲೇಟು ಎತ್ತಿದರೆ ಏನು ಏಳುತ್ತದೆ, ಏನು ಏಳುವುದಿಲ್ಲ

ಬೊಲೆರೊದಂಥ ಗಾಡಿಯ ಹಿಂದೆ ಇರುವುದು ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಪ್ಲೇಟುಗಳ ಕಟ್ಟು. ಆಕ್ಸಲ್ ನಡುವೆ ಗೇರು ಇರುವ ದುಂಡನೆಯ ಹೌಸಿಂಗ್ ಇದೆಯಲ್ಲ, ಸಾಮಾನ್ಯವಾಗಿ ಗಾಡಿಯ ತಳದಲ್ಲಿ ನೆಲಕ್ಕೆ ಹತ್ತಿರ ಇರುವುದು ಅದೇ. ಪ್ಲೇಟು ಎಷ್ಟೇ ಸೇರಿಸಿ, ಬಾಡಿ ಏಳುತ್ತದೆ, ಆ ಹೌಸಿಂಗ್ ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಅದು ಚಕ್ರಕ್ಕೆ ಕಟ್ಟಿಕೊಂಡದ್ದು. ಹೊಲದ ದಾರಿಯಲ್ಲಿ ನಡುವೆ ಎದ್ದ ದಿಣ್ಣೆಗೆ ಮೊದಲು ಎಲ್ಲಿ ತಾಗುತ್ತಿತ್ತೋ ಈಗಲೂ ಅಲ್ಲೇ ತಾಗುತ್ತದೆ.

ಏಳುವುದು ಭಾರದ ನಡುಬಿಂದು. ಹುಲ್ಲು ಹೇರಿದ ಎತ್ತಿನ ಗಾಡಿ ಓಡಿಸಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊರೆ ತಗ್ಗಿನಲ್ಲಿದ್ದರೆ ತಿರುವಿನಲ್ಲಿ ಗಾಡಿ ಮಾತು ಕೇಳುತ್ತದೆ, ಹೊರೆ ಎತ್ತರಕ್ಕೆ ಹೋದರೆ ಸಣ್ಣ ಹಳ್ಳಕ್ಕೂ ಮಗುಚುತ್ತದೆ. ಬೊಲೆರೊ, ಸುಮೊ ಮೊದಲೇ ಎತ್ತರದ ಗಾಡಿಗಳು. ಮೇಲೆ ಕ್ಯಾರಿಯರ್, ಅದರ ಮೇಲೆ ಮೂಟೆ. ಅದರ ಮೇಲೆ ನೀವು ಇನ್ನೂ ನಾಲ್ಕು ಬೆರಳು ಎತ್ತಿದಿರಿ. ನಾಯಿ ಅಡ್ಡ ಬಂದಾಗ ಸ್ಟೇರಿಂಗ್ ಒಮ್ಮೆ ಎಳೆದು ನೋಡಿ ಅಂತ ನಾವು ಹೇಳುವುದಿಲ್ಲ. ಅದು ನೋಡುವಂಥದ್ದಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಇಂಥ ಹಲವು ಗಾಡಿಗಳ ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ಬ್ರೇಕ್ ವಾಲ್ವು ಇರುತ್ತದೆ. ಅದರಿಂದ ಒಂದು ಕಡ್ಡಿಯೋ ಸ್ಪ್ರಿಂಗೋ ಆಕ್ಸಲ್‌ಗೆ ಬಂದಿರುತ್ತದೆ. ಗಾಡಿಯಲ್ಲಿ ಭಾರ ಇದ್ದರೆ ಬಾಡಿ ತಗ್ಗುತ್ತದೆ, ಆಗ ವಾಲ್ವು ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕು ಬಿಡುತ್ತದೆ. ಗಾಡಿ ಖಾಲಿ ಇದ್ದರೆ ಬಾಡಿ ಎತ್ತರದಲ್ಲಿರುತ್ತದೆ, ಆಗ ಹಿಂದಿನ ಚಕ್ರ ಜಾರದಿರಲಿ ಅಂತ ಕಡಿಮೆ ಬಿಡುತ್ತದೆ. ನೀವು ಪ್ಲೇಟು ಹಾಕಿ ಹಿಂದೆ ಎತ್ತಿದರೆ ವಾಲ್ವಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಗಾಡಿ ಖಾಲಿ ಇದೆ ಅಂತಲೇ ಅದು ತಿಳಿಯುತ್ತದೆ. ಒಳಗೆ ದಿಬ್ಬಣದ ಜನ ತುಂಬಿದ್ದಾರೆ, ಹಿಂದಿನ ಬ್ರೇಕು ಮಾತ್ರ ಖಾಲಿ ಗಾಡಿಯದ್ದು.

ಪ್ಲೇಟು ಹಾಕಿದ ಮೇಲೆ ಆ ವಾಲ್ವನ್ನು ಮತ್ತೆ ಹೊಂದಿಸಿದಿರಾ ಅಂತ ಹಾಕಿದವರನ್ನು ಕೇಳಿ. ಹಲವರು ನಿಮ್ಮ ಮುಖ ನೋಡುತ್ತಾರೆ.

ಮುಂಭಾಗದಲ್ಲೂ ಹೀಗೆಯೇ. ಸುರುಳಿ ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ತುರುಕಿದರೆ ಆ ಸುತ್ತು ಕೆಲಸ ಮಾಡುವುದು ನಿಲ್ಲಿಸುತ್ತದೆ, ಉಳಿದ ಸುತ್ತುಗಳ ಮೇಲೆ ಎಲ್ಲ ಹೊರೆ. ಟಾರ್ಷನ್ ಬಾರ್ ಇರುವ ಹಳೆ ಗಾಡಿಯಲ್ಲಿ ಬೋಲ್ಟ್ ತಿರುಗಿಸಿ ಮುಂದೆ ಎತ್ತಿದರೆ ಚಕ್ರ ಕೆಳಗೆ ಇಳಿಯಲು ಇರುವ ಜಾಗ ಕಡಿಮೆಯಾಗುತ್ತದೆ, ಗುಂಡಿ ಸಿಕ್ಕಾಗ ಕಟ್ ಅಂತ ಹೊಡೆಯುತ್ತದೆ. ಬಾಲ್ ಜಾಯಿಂಟಿನ ಕೋನ ಬದಲಾಗುತ್ತದೆ, ಅಲೈನ್‌ಮೆಂಟ್ ಹೋಗುತ್ತದೆ, ಟೈರು ಒಂದು ಅಂಚಿನಲ್ಲಿ ತಿನ್ನುತ್ತದೆ. ಬ್ರೇಕಿನ ರಬ್ಬರ್ ಪೈಪು ಎಳೆದುಕೊಳ್ಳುತ್ತದೆ. ಹೆಡ್‌ಲೈಟು ಮೇಲೆ ನೋಡುತ್ತದೆ. ಎದುರಿಗೆ ಟಿವಿಎಸ್‌ನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವನ ಕಣ್ಣಿಗೆ ಅದು ಹೊಡೆಯುತ್ತದೆ. ಅವನು ಯಾವ ಅಲಾಯ್ ಕೊಂಡಿದ್ದ ಪಾಪ?

"ಲೋಡ್ ತಡೆಯುತ್ತೆ" ಎಂಬ ಸುಳ್ಳು

ಎರಡನೇ ಕಾರಣ ಹೇಳುವವರು ಇವರು. "ಹತ್ತ್ ಜನ ಕೂತ್ರೆ ಹಿಂದೆ ಕುಸಿಯುತ್ತೆ, ಅದಕ್ಕೆ ಪ್ಲೇಟ್ ಹಾಕ್ಸಿದ್ದು."

ಏಳು ಸೀಟಿನ ಗಾಡಿ ಹತ್ತು ಜನರಿಗೆ ಕುಸಿಯಲೇಬೇಕು. ಕುಸಿಯುವುದು ಗಾಡಿ ಆಡುವ ಮಾತು. ಎತ್ತು ಮಂಡಿ ಊರಿದರೆ ಹೊರೆ ಇಳಿಸುತ್ತೇವೆ, ಮಂಡಿಗೆ ಕೋಲು ಕಟ್ಟಿ ನಿಲ್ಲಿಸುವುದಿಲ್ಲ. ಪ್ಲೇಟು ಸೇರಿಸಿದರೆ ಗಟ್ಟಿಯಾಗುವುದು ಸ್ಪ್ರಿಂಗ್ ಒಂದೇ. ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಅದೇ, ಟೈರು ಅದೇ, ಚಾಸಿ ಅದೇ. ಆರ್‌ಸಿಯಲ್ಲಿ ಬರೆದ ಸೀಟಿನ ಲೆಕ್ಕವೂ ಅದೇ. ಎಚ್ಚರಿಕೆ ಕೊಡುತ್ತಿದ್ದ ಒಂದು ಭಾಗದ ಬಾಯಿ ಮುಚ್ಚಿಸಿದಿರಿ, ಮಿಕ್ಕವು ಹೇಳದೆ ಮುರಿಯುತ್ತವೆ.

ಗಟ್ಟಿ ಪ್ಲೇಟಿನ ಇನ್ನೊಂದು ಫಲ ಒಬ್ಬರೇ ಹೋಗುವಾಗ ಸಿಗುತ್ತದೆ. ಖಾಲಿ ಗಾಡಿ ಎಗರುತ್ತದೆ. ಎಗರಿದ ಚಕ್ರಕ್ಕೆ ನೆಲದ ಹಿಡಿತ ಇಲ್ಲ. ಹೆರಿಗೆ ನೋವಿನ ಹೆಣ್ಣುಮಗಳು ಹಿಂದಿನ ಸೀಟಿನಲ್ಲಿ ಮಲಗಿರುವಾಗ ಆ ಎಗರು ಯಾರ ಮೈಗೆ ಹೋಗುತ್ತದೆ ಅಂತ ಒಂದು ಕ್ಷಣ ಯೋಚಿಸಿ.

ಕಾನೂನು ಯಾರ ಕಡೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ನೇರವಾಗಿದೆ. ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಏನಿದೆಯೋ ಅದಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ಎದ್ದು ಬರುತ್ತದೆ. ಸರ್ವೇಯರ್ ಬಂದು ಫೋಟೊ ತೆಗೆಯುವಾಗ ದೊಡ್ಡ ಚಕ್ರ ಬಚ್ಚಿಡಲು ಆಗುವುದಿಲ್ಲ. ಪ್ರೀಮಿಯಂ ಕಟ್ಟಿದ್ದು ಒಂದು ಗಾಡಿಗೆ, ಬಿದ್ದಿರುವುದು ಇನ್ನೊಂದು ಗಾಡಿ ಅಂತ ಅವರು ತಕರಾರು ತೆಗೆದರೆ ಅಲೆಯುವವರು ನೀವು.

ಇಲ್ಲಿ ನಾವು ಹುಡುಗರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ರಸ್ತೆಯಲ್ಲಿ ಅಡ್ಡ ಹಾಕಿ ಹಿಡಿಯುವುದು ಸಾಲ ಮಾಡಿ ಗಾಡಿ ತಂದವನನ್ನು. ಅದೇ ಚಕ್ರವನ್ನು, ಅದೇ ಸ್ಪೇಸರನ್ನು ಊರ ನಡುವೆ ಬೋರ್ಡು ಹಾಕಿ ಮಾರುವ ಅಂಗಡಿಗೆ ಯಾರೂ ಹೋಗುವುದಿಲ್ಲ. ಅದೇ 182ಎ ಸೆಕ್ಷನ್ ಮಾರುವವರನ್ನೂ ಬಿಟ್ಟಿಲ್ಲ. ಸುರಕ್ಷತೆಗೆ ಮುಖ್ಯ ಎಂದು ಸರ್ಕಾರ ಗುರುತಿಸಿದ ಬಿಡಿಭಾಗ ನಿಯಮಕ್ಕೆ ಹೊಂದದೆ ಇದ್ದರೆ, ಮಾರಿದವರಿಗೆ ಒಂದೊಂದು ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ, ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಐದು ಸಾವಿರದವನನ್ನು ಹಿಡಿದು ಲಕ್ಷದವನನ್ನು ಬಿಡುವುದು ಯಾವ ನ್ಯಾಯ ಅಂತ ಆರ್‌ಟಿಒ ಕಚೇರಿಗೆ ನಾವು ಕೇಳುತ್ತೇವೆ. ನೀವೂ ಕೇಳಿ.

ಈಗ ಹಂಪಿಗೆ ಬರೋಣ

ಬೊಲೆರೊ ತಳ ನೆಲದಿಂದ ಸುಮಾರು 180 ಮಿಲಿಮೀಟರ್ ಎತ್ತರದಲ್ಲಿದೆ. ಅಂದರೆ 18 ಸೆಂಟಿಮೀಟರ್, ಒಂದು ಗೇಣಿಗೆ ಸ್ವಲ್ಪ ಕಡಿಮೆ. ಇಷ್ಟು ಎತ್ತರದ ಗಾಡಿಯ ತಳಕ್ಕೆ ಹಂಪ್ ತಾಗುತ್ತದೆ ಅಂದರೆ ಆ ಹಂಪ್ ಹೇಗಿರಬೇಕು?

ದೇಶದ ರಸ್ತೆಗಳಿಗೆ ಅಳತೆ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪಿಗೂ ಅಳತೆ ಹೇಳಿದೆ. 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಾಗೆ ಮಾಡುವ ದುಂಡು ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ ಇರಬೇಕು.

3.7 ಮೀಟರ್ ಯಾಕೆ ಮುಖ್ಯ ಅಂತ ನೋಡಿ. ಬೊಲೆರೊದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.68 ಮೀಟರ್ ಅಂತರ. ಸರಿಯಾದ ಹಂಪಿನ ಮೇಲೆ ಒಂದು ಹೊತ್ತಿನಲ್ಲಿ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಎರಡೂ ಹಂಪಿನ ಮೇಲೆಯೇ ಇರುತ್ತವೆ. ಹಂಪ್ ಏರಿದ ಹಾಗೆ ಗಾಡಿಯೂ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ತಳ ತಾಗುವ ಮಾತೇ ಇಲ್ಲ.

ನಮ್ಮೂರಿನ ಹಂಪ್ ಹೇಗಿದೆ? ಒಂದು ಅಪಘಾತ ಆಗುತ್ತದೆ, ಜನ ಸಿಟ್ಟಿನಲ್ಲಿ ರಸ್ತೆ ತಡೆಯುತ್ತಾರೆ, ರಾತ್ರೋರಾತ್ರಿ ಒಂದು ಲೋಡು ಕಾಂಕ್ರೀಟು ಬೀಳುತ್ತದೆ. ಒಂದು ಮಾರು ಅಗಲವೂ ಇರುವುದಿಲ್ಲ, ಎತ್ತರ ಮಾತ್ರ ಮೊಣಕಾಲ ಹತ್ತಿರ. ಮುಂದಿನ ಚಕ್ರ ಹತ್ತಿ ಇಳಿದಾಗ ಹಂಪ್ ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಬಣ್ಣ ಇಲ್ಲ, ಬೋರ್ಡು ಇಲ್ಲ, ರಾತ್ರಿ ಕಾಣುವುದೂ ಇಲ್ಲ. ಅಪಘಾತ ತಪ್ಪಿಸಲು ಹಾಕಿದ್ದು ಬೈಕಿನವರನ್ನು ಬೀಳಿಸುತ್ತದೆ, ಬಸುರಿ ಬಾಣಂತಿಯರ ಸೊಂಟ ಮುರಿಯುತ್ತದೆ, ಆಂಬುಲೆನ್ಸನ್ನು ಆಮೆ ಮಾಡುತ್ತದೆ. ಅದನ್ನು ದಾಟಲು ಒಬ್ಬ ಗಾಡಿ ಎತ್ತುತ್ತಾನೆ. ಎತ್ತಿದ ಗಾಡಿಯವನು ಹಂಪಿನಲ್ಲಿ ನಿಧಾನ ಮಾಡುವುದಿಲ್ಲ. "ಎತ್ತಿದ ಗಾಡೀನೂ ಹಾರಿಸ್ತಾರೆ" ಅಂತ ಊರವರು ಹಂಪನ್ನು ಇನ್ನಷ್ಟು ಎತ್ತುತ್ತಾರೆ. ಈ ಪೈಪೋಟಿಗೆ ಕೊನೆ ಎಲ್ಲಿ?

ಮಾಲೀಕನಿಗೆ ದಂಡ ಹಾಕುವ ಅದೇ 2019ರ ತಿದ್ದುಪಡಿಯಲ್ಲಿ 198ಎ ಅಂತ ಇನ್ನೊಂದು ಸೆಕ್ಷನ್ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಹೊತ್ತ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ನಿಗದಿ ಮಾಡಿದ ಸುರಕ್ಷತಾ ಮಟ್ಟವನ್ನು ಪಾಲಿಸಬೇಕು. ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. 182ಎ ಎಲ್ಲ ಡ್ರೈವರ್‌ಗಳ ಬಾಯಲ್ಲಿದೆ. 198ಎ ಯಾರ ಬಾಯಲ್ಲೂ ಇಲ್ಲ. ಇವತ್ತಿನಿಂದ ಅದೂ ಇರಲಿ.

ಹಾಗಾದರೆ ಗಾಡಿಗೆ ಏನೂ ಮಾಡಿಸಬಾರದೇ?

ಮಾಡಿಸಿ. ಆದರೆ ಗಾಡಿ ಕಂಪನಿಯಿಂದ ಬಂದಾಗ ಇದ್ದ ಎತ್ತರಕ್ಕೆ ಮರಳಿ ತನ್ನಿ, ಅದರ ಮೇಲೆ ಹೋಗಬೇಡಿ. ನಮಗೆ ಮೆಕ್ಯಾನಿಕ್‌ಗಳು ಹೇಳಿದ್ದರಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು. ತಳ ತಾಗುತ್ತದೆ ಅಂತ ಬರುವ ಹಳೆ ಗಾಡಿಗಳಲ್ಲಿ ಪ್ಲೇಟು ಕುಸಿದಿರುತ್ತದೆ, ಬುಷ್ ಹೋಗಿರುತ್ತದೆ, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿರುತ್ತದೆ. ಗಾಡಿ ತನ್ನ ಎತ್ತರವನ್ನೇ ಕಳಕೊಂಡಿರುತ್ತದೆ.

ಅದಕ್ಕೆ ಮಾಡಬೇಕಾದದ್ದು ಇಷ್ಟು. ಸಮತಟ್ಟು ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಟೇಪು ಹಿಡಿಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಒಂದು ಕಡೆ ಕುಸಿದಿದೆ. ಕುಸಿದ ಪ್ಲೇಟನ್ನು ಅದೇ ಅಳತೆಯ, ಅಷ್ಟೇ ಸಂಖ್ಯೆಯ ಹೊಸ ಪ್ಲೇಟಿನಿಂದ ಬದಲಿಸಿ, ಎರಡೂ ಕಡೆ ಒಟ್ಟಿಗೆ ಬದಲಿಸಿ. ಯು ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ. ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. ಕೊನೆಗೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ದಿಕ್ಕು ನೋಡಿಸಿ. ಡ್ರೈವರ್ ಬಾಗಿಲ ಹತ್ತಿರ ಸಾಮಾನ್ಯವಾಗಿ ಟೈರಿನ ಗಾಳಿಯ ಲೆಕ್ಕದ ಸ್ಟಿಕ್ಕರ್ ಇರುತ್ತದೆ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ನೋಡಿ ಹಾಕಿಸಿ. ಈ ಒಂದು ಕೆಲಸಕ್ಕೆ ಖರ್ಚೇ ಇಲ್ಲ.

ಅಲಾಯ್ ಬೇಕೇ ಬೇಕು ಅನ್ನುವವರು ಅದೇ ಗಾಡಿಗೆ ಕಂಪನಿ ಕೊಡುವ ಅಳತೆಯದ್ದೇ ತನ್ನಿ. ಅಗಲ, ವ್ಯಾಸ, ಬೋಲ್ಟಿನ ಸುತ್ತು, ನಡುವಿನ ತೂತು, ಆಫ್‌ಸೆಟ್, ಭಾರ ಹೊರುವ ಶಕ್ತಿ, ಆರೂ ಹೊಂದಬೇಕು. ಐದು ಹೊಂದಿ ಒಂದು ಹೊಂದದಿದ್ದರೆ ಅದು ನಿಮ್ಮ ಗಾಡಿಯ ಚಕ್ರ ಅಲ್ಲ. ಬಿಲ್ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಹಾಕಿಸಿ ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೆ ಪರೀಕ್ಷೆ ಮಾಡಿಸಿ.

"ಕಂಪನಿಯವರೇ ಟಾಪ್ ಮಾಡೆಲಿಗೆ ದೊಡ್ಡ ಚಕ್ರ ಕೊಡ್ತಾರಲ್ಲ" ಅಂತ ಕೆಲವರು ವಾದಿಸುತ್ತಾರೆ. ಕೊಡುತ್ತಾರೆ. ಕೊಡುವ ಮೊದಲು ಸ್ಪ್ರಿಂಗು, ಬ್ರೇಕು, ಮೀಟರು ಎಲ್ಲವನ್ನೂ ಅದಕ್ಕೆ ಹೊಂದಿಸಿ ಪರೀಕ್ಷೆ ಮಾಡಿ ಪಾಸು ಮಾಡಿಸಿರುತ್ತಾರೆ. ನೀವು ಅದರಲ್ಲಿ ಚಕ್ರ ಒಂದನ್ನೇ ತಂದಿರಿ.

ನಾವು ಕೇಳುವುದು

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ಸಭೆಗೆ ಒಂದು ಟೇಪು ಹಿಡಿದುಕೊಂಡು ಹೋಗಿ. ಹೋಗುವ ಮೊದಲು ನಿಮ್ಮೂರಿನ ಪ್ರತಿ ಹಂಪಿನ ಎತ್ತರ, ಉದ್ದ ಅಳೆದು ಒಂದು ಹಾಳೆಯಲ್ಲಿ ಬರೆಯಿರಿ, ಫೋಟೊ ತೆಗೆಯಿರಿ. 10 ಸೆಂಟಿಮೀಟರ್, 3.7 ಮೀಟರ್ ಅಂತ ಪಕ್ಕದಲ್ಲಿ ಬರೆಯಿರಿ. ಊರೊಳಗಿನ ರಸ್ತೆಯದ್ದಾದರೆ ಅರ್ಜಿ ಪಿಡಿಒಗೆ, ಮುಖ್ಯರಸ್ತೆಯದ್ದಾದರೆ ಲೋಕೋಪಯೋಗಿ ಇಲಾಖೆಗೆ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ, 150 ಪದ, ಒಂದೇ ವಿಷಯ. "ಈ ಹಂಪನ್ನು ಯಾರ ಆದೇಶದ ಮೇಲೆ, ಯಾವ ಅಳತೆಯಲ್ಲಿ ಹಾಕಲಾಗಿದೆ? ಆದೇಶದ ಪ್ರತಿ ಕೊಡಿ." ಇಷ್ಟೇ ಸಾಕು. ಆದೇಶವೇ ಇಲ್ಲದ ಹಂಪ್‌ಗಳು ಎಷ್ಟಿವೆ ಅಂತ ಆಗ ಗೊತ್ತಾಗುತ್ತದೆ.

ಹಂಪೇ ಬೇಡ ಅಂತ ನಾವು ಹೇಳುತ್ತಿಲ್ಲ. ಶಾಲೆಯ ಮುಂದೆ, ಅಂಗನವಾಡಿಯ ಮುಂದೆ ಬೇಕೇ ಬೇಕು. ಸರಿಯಾದ ಅಳತೆಯಲ್ಲಿ, ಬಿಳಿ ಬಣ್ಣ ಹೊಡೆದು, ಮುಂಚೆ ಬೋರ್ಡು ನಿಲ್ಲಿಸಿ ಹಾಕಿ ಅಂತ ಕೇಳುತ್ತಿದ್ದೇವೆ.

ಗಾಡಿ ಇರುವ ಅಣ್ಣ ತಮ್ಮಂದಿರಿಗೆ ಕೊನೆಯ ಮಾತು. ಚಕ್ರಕ್ಕೂ ಪ್ಲೇಟಿಗೂ ನೀವು ಹಾಕುವ ಹತ್ತಾರು ಸಾವಿರ ನಿಮ್ಮದೇ ದುಡ್ಡು, ಒಪ್ಪುತ್ತೇವೆ. ಆದರೆ ಗಾಡಿ ಒಂದು ಎತ್ತಿದರೆ ದಾಟುವುದು ಆ ಗಾಡಿ ಒಂದೇ. ಹಂಪ್ ಒಂದು ಇಳಿಸಿದರೆ ನಿಮ್ಮ ಬೊಲೆರೊ, ಪಕ್ಕದ ಮನೆಯ ಆಟೊ, ಹಾಲಿನವನ ಟಿವಿಎಸ್, ಶಾಲೆ ಮಕ್ಕಳ ಸೈಕಲ್, 108, ಎಲ್ಲವೂ ದಾಟುತ್ತವೆ. ಟೇಪಿಗೆ ಬೇಕಾದದ್ದು ನೂರು ರೂಪಾಯಿ ಒಳಗೆ. ಮೊದಲು ಅದನ್ನು ಕೊಳ್ಳಿ.